ಗೋಡೆ ಒಡೆಯೋದಲ್ಲ, ಇಳಿಸೋದು

ಕಟ್ಟಿದ ಮೇಸ್ತ್ರಿಯ ಹೆಸರನ್ನು ಜನ ಹೇಳುತ್ತಾರೆ. "ಈ ಮನೆ ಇಂಥವರು ಕಟ್ಟಿದ್ದು" ಅಂತ ಬಂದವರಿಗೆಲ್ಲ ತೋರಿಸುತ್ತಾರೆ. ಆದರೆ ತೆಗೆದವನ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ಇಲ್ಲದ ಗೋಡೆಯನ್ನು ತೋರಿಸುವುದಾದರೂ ಹೇಗೆ? ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಎಷ್ಟೋ ಮನೆಗಳ ಒಳಗಿನ ಗೋಡೆಗಳನ್ನು ತೆಗೆದವನು ನಾನು, ವಾಜಿದ್. ಅಲ್ಲೆಲ್ಲ ಈಗ ಸೋಫಾ, ಫ್ರಿಜ್ಜು, ಡೈನಿಂಗ್ ಟೇಬಲ್ಲುಗಳು ಕೂತಿವೆ. ಅವುಗಳ ಕೆಳಗಿನ ನೆಲದಲ್ಲಿ ಉದ್ದಕ್ಕೆ ಒಂದು ಬಣ್ಣ ಬೇರೆಯಾದ ಪಟ್ಟಿ ಕಂಡರೆ ಅದೇ ನನ್ನ ರುಜು.

ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟೆ. ಮನೆಯಲ್ಲಿ ನಾವು ಉರ್ದು ಆಡುವವರು. ಆದರೆ ಗಾರೆ ಕೆಲಸ ಕಲಿತದ್ದು ಕನ್ನಡದಲ್ಲಿ, ಬೈಸಿಕೊಂಡದ್ದೂ ಕನ್ನಡದಲ್ಲಿ. ಅದಕ್ಕೇ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಈಗ ಈ ಕೆಲಸಕ್ಕೆ ಬರುವ ಹುಡುಗರು ನಮ್ಮ ಮನೆಯ ಮುಂದೆಯೇ ಗೋಡೆ ಒಡೆಯುವ ಬ್ರೇಕರ್ ಮಷಿನ್ ಹೆಗಲ ಮೇಲೆ ಹೊತ್ತು ಹೋಗುತ್ತಾರೆ. ಅವರನ್ನು ನಿಲ್ಲಿಸಿ ಮಾತಾಡಿಸಿದರೆ, "ತಾತ, ಟೈಮಾಯ್ತು" ಅನ್ನುತ್ತಾರೆ. ಟೈಮಿದ್ದಾಗ ಓದಿಕೊಳ್ಳಲಿ.

ಮೊದಲನೆಯ ಮಾತು, ಗೋಡೆಯನ್ನು ನೋಡುವ ಮೊದಲು ಮನೆಯವರನ್ನು ನೋಡಬೇಕು. ಒಳಗೋಡೆ ತೆಗೆಸುವವರು ನಾನಾ ಥರ. ಸೊಸೆ ತಂದ ಸೋಫಾ ಹಾಲಿನಲ್ಲಿ ಹಿಡಿಸುತ್ತಿಲ್ಲ ಅನ್ನುವವರು, ವಾಸ್ತು ಹೇಳುವವನ ಮಾತು ಕೇಳಿ ಬಂದವರು, ಟಿವಿಯಲ್ಲಿ ಓಪನ್ ಕಿಚನ್ ನೋಡಿದವರು. ಗಂಡನಿಗೆ ಗೋಡೆ ಬೇಡ, ಹೆಂಡತಿಗೆ ಬೇಕು. ಇಬ್ಬರೂ ಬಾಯಿ ಬಿಟ್ಟು ಹೇಳದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. ಗೋಡೆ ಬಿದ್ದ ಮೇಲೆ ಜಗಳ ಶುರುವಾಗುತ್ತದೆ, ನಡುವೆ ಮೇಸ್ತ್ರಿ ಕೆಟ್ಟವನಾಗುತ್ತಾನೆ. ಇಬ್ಬರನ್ನೂ ಕೂರಿಸಿ ಕೇಳದೆ ಉಳಿ ಸುತ್ತಿಗೆಯ ಚೀಲ ಬಿಚ್ಚಬೇಡಿ.

ಇದನ್ನೆಲ್ಲ ನನಗೆ ಕಲಿಸಿದವರು ಗಂಗಣ್ಣ ಮೇಸ್ತ್ರಿ. ಯಡಿಯೂರಿನ ಕಡೆಯವರು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಬಾಯಲ್ಲಿ ಸದಾ ಬೈಗುಳ. ನಾನು ಗುಬ್ಬಿಯಿಂದ ತುಮಕೂರಿಗೆ ಬಂದು ಅವರ ಕೈಕೆಳಗೆ ಸೇರಿದಾಗ ಮೀಸೆ ಚಿಗುರುತ್ತಿತ್ತು. ನನ್ನ ಡಬ್ಬಿಯಲ್ಲಿ ಮಾಂಸ ಇದ್ದ ದಿನ ಅವರು ನನಗೆ ಬೆನ್ನು ಹಾಕಿ ಕೂತು ಊಟ ಮಾಡುತ್ತಿದ್ದರು. ಸಿಟ್ಟೇನಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಬೆನ್ನು ಹಾಕಿಕೊಂಡೇ ಬೆಳಗಿನ ನನ್ನ ತಪ್ಪುಗಳನ್ನೆಲ್ಲ ಎತ್ತಿ ಆಡುತ್ತಿದ್ದರು. ಎದುರು ಕೂತು ಬೈದರೆ ಊಟ ಇಳಿಯುವುದಿಲ್ಲ, ಹೀಗಾದರೆ ವಾಸಿ ಅಂತ ನಾನೂ ಸುಮ್ಮನೆ ತಿನ್ನುತ್ತಿದ್ದೆ.

ಗಂಗಣ್ಣನವರ ಬಾಯಲ್ಲಿ 'ಗೋಡೆ ಒಡಿ' ಅನ್ನುವ ಮಾತು ಎಂದೂ ಬರಲಿಲ್ಲ. 'ಇಳಿಸು' ಅನ್ನುತ್ತಿದ್ದರು. ಮೊದಲು ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುವುದು. ಆಮೇಲೆ ಏಣಿ ಹತ್ತಿ ಚಾವಣಿಗೆ ತಾಗುವ ಮೇಲಿನ ಸಾಲಿನ ಒಂದು ಇಟ್ಟಿಗೆಯನ್ನು ಉಳಿಯಿಂದ ಬಿಡಿಸುವುದು. ಸಲೀಸಾಗಿ ಬಂದರೆ ಮೇಲಿನ ಭಾರ ಅದರ ಮೇಲಿಲ್ಲ. ಕಚ್ಚಿಕೊಂಡಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಚಾವಣಿಗೆ ಸರ್ವೆ ಕಂಬದ ಆಸರೆ ಕೊಟ್ಟು, ಯೋಚನೆ ಮಾಡುವುದು. ಭಾರ ಇಲ್ಲ ಅಂತ ಗೊತ್ತಾದ ಮೇಲೂ ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಬರುವುದು. ಸುತ್ತಿಗೆಯಿಂದ ನಡುಗೋಡೆಗೆ ಒಂದೇಟು ಹಾಕಿ ದಬಾರನೆ ಬೀಳಿಸುವ ಆಸೆ ನನಗೆ. ವಯಸ್ಸು ಹಾಗಿತ್ತು.

"ಏನ್ಲಾ, ಕುಸ್ತಿಗೆ ಬಂದಿದೀಯಾ?" ಅನ್ನುತ್ತಿದ್ದರು. "ಕಟ್ಟೋವಾಗ ಒಂದೇ ಸಲ ಎದ್ದೈತಾ ಅದು? ಹೆಂಗೆ ಎದ್ದೈತೋ ಹಂಗೇ ಇಳೀಬೇಕು."

ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಹಳೆಯ ಮನೆ. ಮೇಲೆ ಕಲ್ಲು ಚಪ್ಪಡಿ ಹಾಸಿದ ಚಾವಣಿ. ಪಡಸಾಲೆಯ ನಡುವಿನ ತೆಳ್ಳಗಿನ ಮಣ್ಣುಗೋಡೆ ತೆಗೆಯಬೇಕು, ಮಗಳ ಮದುವೆಗೆ ಜಾಗ ಆಗಬೇಕು. ಗೋಡೆ ನೋಡಿದರೆ ಒದ್ದರೆ ಬೀಳುವಂತಿತ್ತು. ನಾನು ಆಗಲೇ ತೋಳು ಮಡಚಿದ್ದೆ. ಗಂಗಣ್ಣನವರು ಗೋಡೆಯನ್ನು ಬಿಟ್ಟು ತಲೆ ಎತ್ತಿ ಚಾವಣಿ ನೋಡುತ್ತಾ ನಿಂತರು. ಎರಡು ಚಪ್ಪಡಿಗಳ ಸಂದು ಸರಿಯಾಗಿ ಆ ಗೋಡೆಯ ನೆತ್ತಿಯ ಮೇಲೆಯೇ ಬಂದಿತ್ತು. ಎರಡರ ತುದಿಯೂ ಅದರ ಮೇಲೆ ಕೂತಿತ್ತು. "ಸ್ವಾಮಿ, ಇದು ಬಡಕಲಾಗಿ ಕಾಣ್ತದೆ, ಆದ್ರೆ ಹೊತ್ಕೊಂಡೈತೆ. ನಾನು ಮುಟ್ಟಲ್ಲ" ಅಂದು ಚೀಲ ಎತ್ತಿಕೊಂಡರು. ಬಸ್ ಸ್ಟ್ಯಾಂಡಿನವರೆಗೂ ನಾನು ಮುಖ ಊದಿಸಿಕೊಂಡೇ ಬಂದೆ. ಕೈಗೆ ಬಂದ ಕೆಲಸ ಬಿಟ್ಟರಲ್ಲ ಅಂತ ಸಿಟ್ಟು. ಚಪ್ಪಡಿ ಮನೆಗಳಿಗೆ ಹೋದಾಗ ಮೊದಲು ಮೇಲೆ ನೋಡುವ ಅಭ್ಯಾಸ ನನಗೆ ಬಂದದ್ದು ಆ ದಿನದಿಂದ.

ಹಾಗಂತ ಗಂಗಣ್ಣನವರು ತಪ್ಪೇ ಮಾಡದ ಮನುಷ್ಯರೇನಲ್ಲ. ಕುಣಿಗಲ್ಲಿನ ಒಂದು ಮನೆಯ ಮಾಲೀಕರು ಬೀಗದ ಕೈಯನ್ನು ಟೀ ಅಂಗಡಿಯಲ್ಲಿ ಕೊಟ್ಟು, "ಅಡುಗೆಮನೆ ಪಕ್ಕದ ಗೋಡೆ" ಅಂತ ಹೇಳಿಸಿ ಊರಿಗೆ ಹೋಗಿದ್ದರು. ಅಡುಗೆಮನೆಯ ಎಡಕ್ಕೂ ಗೋಡೆ, ಬಲಕ್ಕೂ ಗೋಡೆ. ಗಂಗಣ್ಣನವರು ಎಡಗಡೆಯದರ ಮೇಲೆ ಅಂಗೈ ಇಟ್ಟು, ಏಣಿ ಹತ್ತಿ, ಮೇಲಿನ ಇಟ್ಟಿಗೆ ಬಿಡಿಸಿ ಇಣುಕಿದರು. ಆ ಕಡೆಯಿಂದ ರೊಟ್ಟಿ ಬೇಯುವ ವಾಸನೆ ಬಂತು. ಹಿಂದೆಯೇ ಒಂದು ಹೆಣ್ಣುದನಿ.

"ಯಾರ್ಲಾ ಅದು ಸೂರಿನಾಗೆ? ನಮ್ಮನೆ ಗೋಡೆ ಯಾಕ್ಲಾ ಕೀಳ್ತಾ ಇದೀರ?"

ಒಂದು ಕಾಲದ ದೊಡ್ಡ ಮನೆಯನ್ನು ಎರಡು ಪಾಲು ಮಾಡಿ ನಡುವೆ ಎಬ್ಬಿಸಿದ್ದ ಗೋಡೆ ಅದು. ಆ ಕಡೆ ಇದ್ದದ್ದು ಪಕ್ಕದ ಮನೆಯ ಒಲೆ. ಗಂಗಣ್ಣನವರ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. "ತಪ್ಪಾಯ್ತು ತಾಯಿ, ಇಟ್ಬುಡ್ತೀನಿ" ಅಂದರು. "ಇಟ್ಬುಡಿ, ರೊಟ್ಟಿಗೆ ಮಣ್ಣು ಬೀಳ್ದಂಗೆ ಇಡಿ" ಅಂದಿತು ಆ ದನಿ. ಇಟ್ಟಿಗೆಯನ್ನು ಅದೇ ಜಾಗದಲ್ಲಿ ಕೂರಿಸಿ ಗಾರೆ ಬಳಿದೆವು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಅವರು ಹಿಂದೆಯೇ ಬಂದು ತಲೆಗೆ ಮೊಟಕಿದರು. "ನಗು, ನಗು. ನಿನ್ನಂಗೆ ನಡುವಿಗೆ ಬಡಿದಿದ್ರೆ ಏನಾಗ್ತಿತ್ತು? ಮೇಲಿಂದ ಇಳಿಸಿದ್ರೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಬೋದು ಕಣೋ. ತಪ್ಪಾದ್ರೆ ವಾಪಸ್ಸೂ ಇಡ್ಬೋದು."

ಆಮೇಲೆ ನಾನೇ ಮೇಸ್ತ್ರಿಯಾದೆ. ಕೆಲಸದ ರೀತಿ ಬದಲಾಯಿತು. ಗೋಡೆಯ ಒಳಗಿನ ವೈರು, ಪೈಪು ಎಲ್ಲಿದೆ ಅಂತ ಕೀಂ ಕೀಂ ಎಂದು ಕೂಗಿ ಹೇಳುವ ಪುಟ್ಟ ಮಷಿನ್ ಬಂತು. ಅದನ್ನು ಹಿಡಿಯುವುದನ್ನು ನನಗೆ ಕಲಿಸಿದ್ದು ಒಬ್ಬ ಇಂಜಿನಿಯರ್ ಹುಡುಗಿ. ಅದು ಬರುವ ಮುಂಚೆ ಎಷ್ಟು ಸಲ ಉಳಿಯ ತುದಿಯಲ್ಲಿ ಕರೆಂಟ್ ಹೊಡೆಸಿಕೊಂಡಿದ್ದೇನೋ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ. ಬ್ರೇಕರನ್ನೂ ನಾನು ಹಿಡಿದಿದ್ದೇನೆ. ಬೆಳಿಗ್ಗೆ ಶುರು ಮಾಡಿದರೆ ಊಟದ ಹೊತ್ತಿಗೆ ಗೋಡೆ ಮಾಯ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಆದರೆ ಆ ಮಷಿನ್ನಿಗೆ ನಡುವೆ ನಿಲ್ಲುವುದು ಬರುವುದಿಲ್ಲ. ನಿಲ್ಲಬೇಕಾದ ಒಂದು ಕೆಲಸದ ಕಥೆಯನ್ನು ಈಗ ಹೇಳುತ್ತೇನೆ.

ನಾನು ಕೆಲಸ ಬಿಡುವ ಯೋಚನೆಯಲ್ಲಿದ್ದಾಗ ಗಂಗಣ್ಣನವರ ಮಗಳು ಗೌರಿ ಫೋನ್ ಮಾಡಿದಳು. ಶೆಟ್ಟಿಹಳ್ಳಿಯಲ್ಲಿ ಅವರದು ಚಿಕ್ಕ ಮನೆ, ಗಂಗಣ್ಣನವರೇ ಕಟ್ಟಿದ್ದು. ಗಂಡ ತೀರಿಕೊಂಡ ಮೇಲೆ ಗೌರಿ ತಂದೆಯ ಮನೆಗೇ ಬಂದು, ಮುಂದಿನ ಹಾಲಿನಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡಿದ್ದಳು. ಆ ಬೀದಿಯ ಹೆಂಗಸರ ಬ್ಲೌಸುಗಳೆಲ್ಲ ಅವಳ ಕೈಯವೇ. ಗಂಗಣ್ಣನವರಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಪೂರಾ ಹೋಗಿತ್ತು. ಮಾತೂ ಹೋಗಿತ್ತು. ಹಾಲಿನ ಹಿಂದಿನ ಕತ್ತಲೆ ರೂಮಿನಲ್ಲಿ ಮಲಗಿದ್ದರು. ಏನಾದರೂ ಬೇಕಾದರೆ ಎಡಗೈಯಿಂದ ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಾರಿಸುತ್ತಿದ್ದರು. ಅಷ್ಟು ಬೈಗುಳ ತುಂಬಿದ್ದ ಬಾಯಿಗೆ ಉಳಿದದ್ದು ಆ ಒಂದು ಲೋಟ.

"ಮೊನ್ನೆ ನೀರಿಗೆ ಕೈ ಚಾಚಕ್ಕೆ ಹೋಗಿ ಮಂಚದಿಂದ ಬಿದ್ದವ್ರೆ ವಾಜಿದಣ್ಣ" ಅಂದಳು ಗೌರಿ, ನಾನು ಹೋದ ಕೂಡಲೇ. "ಲೋಟ ಬಡ್ಕೊಂಡವ್ರೆ. ನಾನು ಮಷಿನ್ ತುಳೀತಾ ಇದ್ದೆ, ಕೇಳಿಸ್ಲೇ ಇಲ್ಲ. ಊಟ ತಗೊಂಡು ಹೋದ್ರೆ ನೆಲದ ಮೇಲವ್ರೆ. ಇನ್ನೊಂದ್ಸಲ ಹಂಗಾದ್ರೆ ಅಪ್ಪ ಉಳಿಯಲ್ಲ. ಮಷಿನ್ ನಿಲ್ಲಿಸ್ಬುಡೋಣ ಅಂದ್ರೆ ಇಬ್ರೂ ತಿನ್ನೋದೇನು?"

ಮಂಚವನ್ನೇ ಹಾಲಿಗೆ ತರಬಹುದಿತ್ತಲ್ಲ ಅಂದೆ. ತಂದು ನೋಡಿದ್ದಳಂತೆ. ಇಡೀ ದಿನ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದ್ದರಂತೆ. ಒಂದು ತುತ್ತೂ ಮುಟ್ಟಲಿಲ್ಲವಂತೆ. ತನ್ನ ರೂಮೇ ಬೇಕು ಅಂತ ಹಟ ಇರಬೇಕು ಅಂದುಕೊಂಡು ವಾಪಸ್ಸು ಹಾಕಿದ್ದಳು. ಮಷಿನ್ನನ್ನು ರೂಮಿಗೆ ಒಯ್ಯಲು ಅಲ್ಲಿ ಜಾಗವೂ ಇಲ್ಲ, ಬೆಳಕೂ ಇಲ್ಲ. ಉಳಿದ ದಾರಿ ಒಂದೇ, ನಡುವಿನ ಗೋಡೆ ತೆಗೆಯುವುದು. ಆಗ ಮಷಿನ್ ಮುಂದೆ ಕೂತೇ ಅಪ್ಪ ಕಾಣುತ್ತಾರೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ನಾನು ರೂಮಿಗೆ ಹೋಗಿ ಮೇಸ್ತ್ರಿಯ ಪಕ್ಕ ಕೂತೆ. ಇಟ್ಟಿಗೆ ಎತ್ತಿ ಎತ್ತಿ ಉಬ್ಬಿದ್ದ ಆ ತೋಳು ಒಣಗಿದ ಸೋರೆಬುರುಡೆಯ ಹಾಗೆ ಆಗಿತ್ತು. ನೋಡಿ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲು ಹೋಗಲಿಲ್ಲ. ಅವರು ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡರು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನಾನು ಎದ್ದು ಗೋಡೆಯ ಮೇಲೆ ಅಂಗೈ ಇಟ್ಟೆ.

ಟಣ್! ಲೋಟ ಕಂಬಿಗೆ ಬಿತ್ತು. ತಿರುಗಿ ನೋಡಿದರೆ ತಲೆ ಅಡ್ಡಡ್ಡ ಆಡಿಸುತ್ತಿದ್ದಾರೆ. ಮತ್ತೆ ಟಣ್, ಟಣ್. ಮುಖ ಕೆಂಪಾಗಿತ್ತು.

"ಅವ್ರ ಕೈಯಾರೆ ಕಟ್ಟಿದ್ದಲ್ವಾ" ಎಂದು ಗೌರಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಗೋಡೆ ಮೇಲೇ ಪ್ರಾಣ ಅವ್ರಿಗೆ. ನನ್ನ ಪ್ರಾಣ ಹೋದ್ರೂ ಚಿಂತೆಯಿಲ್ಲ."

ನಾನೂ ಹಾಗೇ ಅಂದುಕೊಂಡೆ. ಆದರೂ ಅವರ ಶಿಷ್ಯ ನಾನು, ಗುಬ್ಬಿಯ ಚಪ್ಪಡಿ ನೆನಪಾಯಿತು. ಭಾರ ಇದೆ ಅಂತ ಎಚ್ಚರಿಸುತ್ತಿದ್ದಾರೋ ಏನೋ. ಏಣಿ ತಂದು ಮೇಲಿನ ಸಾಲನ್ನು ನೋಡಿದೆ. ಕಾಂಕ್ರೀಟ್ ಚಾವಣಿ, ಅದನ್ನು ಹೊರಗೋಡೆಗಳೇ ಹೊತ್ತಿದ್ದವು. ಇದು ಆಮೇಲೆ ಎಬ್ಬಿಸಿದ ಅರ್ಧ ಇಟ್ಟಿಗೆಯ ಗೋಡೆ. ಮೇಲೆ ಅಂಥ ತೂಕವೂ ಇರಲಿಲ್ಲ. ಮೊದಲನೆಯ ಇಟ್ಟಿಗೆ ಸಲೀಸಾಗಿ ಕೈಗೆ ಬಂತು. ಪುಟ್ಟ ಮಷಿನ್ ಆಡಿಸಿದೆ, ವೈರೂ ಇಲ್ಲ.

"ಮೇಸ್ತ್ರಿ, ಭಾರ ಇಲ್ಲ ಇದ್ರ ಮೇಲೆ" ಅಂದೆ.

ಅವರು ಕಣ್ಣು ಮುಚ್ಚಿಕೊಂಡರು. ನಾನು ದಡ್ಡತನದ ಮಾತಾಡಿದಾಗ ಮೊದಲಿನಿಂದಲೂ ಹೀಗೇ ಮುಚ್ಚಿಕೊಳ್ಳುತ್ತಿದ್ದರು. ಭಾರದ ಮಾತಲ್ಲ ಅಂತ ಅಷ್ಟು ಮಾತ್ರ ಗೊತ್ತಾಯಿತು.

ಏನು ಮಾಡಲಿ? ಒಂದು ಕಡೆ ಗುರು ಬೇಡ ಅನ್ನುತ್ತಿದ್ದಾರೆ, ಇನ್ನೊಂದು ಕಡೆ ಮಗಳು ಅಳುತ್ತಿದ್ದಾಳೆ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದೆ. "ಮೇಸ್ತ್ರಿ, ನೀವು ಕಲ್ಸಿದಂಗೇ ಇಳಿಸ್ತೀನಿ. ಮೇಲಿಂದ, ಒಂದೊಂದೇ ಸಾಲು. ನೀವು ನೋಡ್ತಾ ಇರಿ. ಲೋಟ ಬಾರ್ಸಿದ ಕಡೆ ನಿಲ್ಲಿಸ್ತೀನಿ. ಒಂದು ಇಟ್ಟಿಗೆ ಕೂಡ ಜಾಸ್ತಿ ಮುಟ್ಟಲ್ಲ. ಆಯ್ತಾ?"

ಅವರು ಲೋಟವನ್ನು ಎದೆಯ ಮೇಲೆ ಇಟ್ಟುಕೊಂಡು ಗದ್ದ ಆಡಿಸಿದರು. ಕೆಲಸ ಶುರು ಮಾಡು ಅಂತ.

ಧೂಳಾಗುತ್ತದೆ, ಪಕ್ಕದ ಮನೆಗೆ ಕರೆದೊಯ್ಯೋಣ ಅಂದರೆ ಒಪ್ಪಲಿಲ್ಲ. ಮಂಚವನ್ನು ಎದುರಿನ ಮೂಲೆಗೆ ಸರಿಸಿ, ತಲೆಗೆ ದಿಂಬು ಏರಿಸಿ, ಮೂಗಿಗೆ ಒದ್ದೆ ಟವೆಲ್ ಕಟ್ಟಿದೆವು. ಇಟ್ಟಿಗೆಗೆ ನೀರು ಚಿಮುಕಿಸಿ ಚಿಮುಕಿಸಿ ಒಂದೊಂದನ್ನೇ ಬಿಡಿಸಿ ಕೆಳಗೆ ಜೋಡಿಸುತ್ತಾ ಹೋದೆ. ಮಷಿನ್ ಇಲ್ಲದ ಕೆಲಸ, ಉಳಿ ಸುತ್ತಿಗೆಯ ಸದ್ದು ಮಾತ್ರ. ಗಾರೆ ಅವರದೇ, ಗಟ್ಟಿ ಇತ್ತು. ಬೆವರು ಸುರಿಯಿತು. ಗೋಡೆ ನನ್ನ ಎದೆಯ ಮಟ್ಟಕ್ಕೆ ಇಳಿದಾಗ ಹಾಲಿನ ಕಿಟಕಿಯ ಬೆಳಕು ಮೊದಲ ಸಲ ಆ ರೂಮಿನ ಎದುರು ಗೋಡೆಗೆ ಬಿತ್ತು. ಇನ್ನೂ ಒಂದಿಷ್ಟು ಇಳಿದ ಮೇಲೆ ಅವರಿಗೆ ಗೌರಿ ಕಂಡಳು. ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸಿ ನೋಡಿದಳು. ಇವರೂ ನೋಡಿದರು. ಒಂದೇ ಮನೆಯಲ್ಲಿದ್ದ ಇಬ್ಬರು ಎಷ್ಟೋ ದಿನದ ಮೇಲೆ ಭೇಟಿಯಾದ ಹಾಗೆ ನೋಡುತ್ತಿದ್ದರು. ಲೋಟ ಎದೆಯ ಮೇಲೆಯೇ ಇತ್ತು. ಒಪ್ಪಿದರಲ್ಲ ಅಂತ ನನಗೆ ಎಷ್ಟು ಸಂತೋಷವಾಯಿತೆಂದರೆ, ಬೀಡಿ ಕೂಡ ಸೇದದೆ ಕೆಲಸ ಮುಂದುವರಿಸಿದೆ.

ಗೋಡೆ ನನ್ನ ಸೊಂಟಕ್ಕಿಂತ ಕೆಳಗೆ ಬಂದಿತ್ತು. ಆಗ ಬ್ಲೌಸ್ ಪೀಸ್ ಹಿಡಿದುಕೊಂಡು ಒಬ್ಬ ಹೆಂಗಸು ಹಾಲಿನ ಬಾಗಿಲಿಗೆ ಬಂದಳು. "ಏನ್ ಗೌರಕ್ಕ, ಮನೆ ರಿಪೇರಿನಾ?" ಅನ್ನುತ್ತಾ ಸಹಜವಾಗಿ ಒಳಗೆ ಕಣ್ಣು ಹಾಯಿಸಿದಳು.

ಟಣ್, ಟಣ್, ಟಣ್!

ಉಳಿ ಕೆಳಗಿಟ್ಟು ತಿರುಗಿದೆ. ಗಂಗಣ್ಣನವರು ನನ್ನನ್ನು ನೋಡುತ್ತಿರಲಿಲ್ಲ. ಲೋಟ ಬಿಸಾಕಿ, ಎಡಗೈಯಿಂದ ಹೊದಿಕೆಯನ್ನು ಹುಡುಕುತ್ತಿದ್ದರು. ಅದು ಕಾಲಿನ ಕಡೆ ಸಿಕ್ಕಿಕೊಂಡಿತ್ತು. ಎಳೆದರೆ ಬರುತ್ತಿರಲಿಲ್ಲ. ಲುಂಗಿ ಸರಿದು ಕಡ್ಡಿಯಾದ ಕಾಲು, ಮಂಚದ ಪಕ್ಕ ತೂಗುಹಾಕಿದ್ದ ಮೂತ್ರದ ಚೀಲ, ಎಲ್ಲವೂ ಬಾಗಿಲಿಗೆ ಕಾಣುತ್ತಿತ್ತು. ಆ ಹೆಂಗಸು ಪಾಪ, ಕಣ್ಣು ತಿರುಗಿಸಿಕೊಂಡು ಹೊರಗೆ ಹೋಗಿ ನಿಂತಳು.

ಆಗ ನನಗೆ ಅರ್ಥವಾಯಿತು. ಅವರು ಕಾಯುತ್ತಿದ್ದದ್ದು ಗೋಡೆಯನ್ನಲ್ಲ. ತನ್ನ ಈ ಸ್ಥಿತಿಯನ್ನು ಬಂದು ಹೋಗುವ ಹೆಂಗಸರೆಲ್ಲ ನೋಡಬಾರದು. ತಾನು ಕಂಡರೆ ಆ ಹೆಂಗಸರು ಮುಜುಗರಪಟ್ಟು ಗೌರಿಯ ಹತ್ತಿರ ಬರುವುದನ್ನೇ ಬಿಡುತ್ತಾರೆ. ಆ ಗೋಡೆ ಚಾವಣಿಯ ಭಾರ ಹೊತ್ತಿರಲಿಲ್ಲ ನಿಜ. ಆದರೆ ಒಬ್ಬ ಮನುಷ್ಯನ ಮಾನ ಹೊತ್ತು ನಿಂತಿತ್ತು. ನಾನು ಅಂಗೈ ಇಟ್ಟದ್ದು ಗೋಡೆಗೆ ಮಾತ್ರ. ಬೇರೆಯವರ ಮನೆಗಳಲ್ಲಿ ಮನೆಯವರನ್ನು ಕೂರಿಸಿ ಕೇಳಬೇಕು ಅಂತ ಉಪದೇಶ ಮಾಡುತ್ತಿದ್ದೆನಲ್ಲ, ನನ್ನ ಗುರುವಿನ ಮನೆಯಲ್ಲಿ ಕೇಳಿದ್ದು ಮಗಳನ್ನಷ್ಟೇ. ನಾಚಿಕೆಯಾಯಿತು.

ಹೊದಿಕೆ ಸರಿಪಡಿಸಿ, ಲೋಟ ಎತ್ತಿ ಅವರ ಕೈಗೆ ಕೊಟ್ಟೆ. "ಎಷ್ಟು ಬೇಕು ಹೇಳಿ ಮೇಸ್ತ್ರಿ, ವಾಪಸ್ ಇಡ್ತೀನಿ" ಅಂದೆ. ಗಾರೆ ಕಲಸಿ, ಕೆಳಗೆ ಜೋಡಿಸಿದ್ದ ಇಟ್ಟಿಗೆಗಳನ್ನೇ ಎತ್ತಿ ಒಂದು ಸಾಲು ಇಟ್ಟೆ. ಟಣ್. ಇನ್ನೊಂದು ಸಾಲು ಇಟ್ಟೆ. ಟಣ್. ಮತ್ತೊಂದು ಇಟ್ಟೆ. ಲೋಟ ಸುಮ್ಮನಿತ್ತು.

"ಗೌರಿ, ಬಾಗ್ಲಲ್ಲಿ ಹೋಗಿ ನಿಂತ್ಕೊಳ್ಳಮ್ಮ. ಏನ್ ಕಾಣ್ತದೆ ಹೇಳು."

"ಅಪ್ಪನ ಮುಖ ಕಾಣ್ತದೆ."

"ಕಾಲು?"

"ಕಾಣಲ್ಲ."

"ಮಂಚ?"

"ಊಹೂಂ. ಮುಖ ಅಷ್ಟೇ."

"ಮಷಿನ್ ಹತ್ರ ಕೂತ್ಕೊಂಡ್ರೆ?"

ಕೂತಳು. "ಆಗ್ಲೂ ಕಾಣ್ತದೆ" ಅಂದಳು. ಅಷ್ಟರಲ್ಲಿ ಅವಳಿಗೂ ಹೊಳೆದಿತ್ತು. ಎದ್ದು ಬಂದು ಆ ಮೋಟುಗೋಡೆಯ ಮೇಲೆ ಎರಡೂ ಕೈ ಊರಿ, "ಅದ್ಕೇನಪ್ಪಾ ಅವತ್ತು ಹಾಲಲ್ಲಿ ಊಟ ಮಾಡ್ದೆ ಇದ್ದಿದ್ದು? ನಾನು ಹಟ ಅಂದ್ಕೊಂಡು ಬೈದ್ನಲ್ಲಪ್ಪಾ" ಎಂದು ಅತ್ತಳು. ಗಂಗಣ್ಣನವರು ಎಡಗೈಯನ್ನು ಗಾಳಿಯಲ್ಲಿ ಆಡಿಸಿದರು. ಹೋಗ್ಲಿ ಬುಡು ಅನ್ನುವ ಹಾಗೆ.

ಮಾರನೆಯ ದಿನ ಮೋಟುಗೋಡೆಗೆ ಪ್ಲಾಸ್ಟರ್ ಮಾಡಿ, ಮೇಲೆ ನುಣ್ಣಗೆ ಸಿಮೆಂಟ್ ಎಳೆದು ಬಂದೆ. ಅದೇ ಕೊನೆಯ ಕೆಲಸ, ಇನ್ನು ಚೀಲ ಮುಟ್ಟುವುದಿಲ್ಲ ಅಂತ ಮನೆಯಲ್ಲಿ ಹೇಳಿಯೂ ಬಿಟ್ಟೆ.

ಕೆಲವು ವಾರ ಬಿಟ್ಟು ನೋಡಲು ಹೋದೆ. ಗೌರಿ ಕೂತಲ್ಲಿಂದಲೇ ತಲೆ ಎತ್ತಿ ಎತ್ತಿ ಅಪ್ಪನನ್ನು ನೋಡುತ್ತಾ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದಿದ್ದ ಹೆಂಗಸು ಗೋಡೆಯ ಈ ಕಡೆಯಿಂದ, "ಏನ್ ಮೇಸ್ತ್ರಿ, ಊಟ ಆಯ್ತಾ?" ಅಂದಳು. ಅವರು ಹುಬ್ಬು ಏರಿಸಿ ಆಯಿತು ಅಂದರು. ರೂಮಿನ ಕತ್ತಲೆಯಲ್ಲಿ ಇದ್ದಾಗ ಯಾರೂ ಅವರನ್ನು ಊಟ ಆಯಿತಾ ಅಂತ ಕೇಳಿದ್ದಿಲ್ಲ. ವಿಭೂತಿಯೂ ಮತ್ತೆ ಹಣೆಗೆ ಬಂದಿತ್ತು, ಗೌರಿ ಹಚ್ಚಿರಬೇಕು.

ನನ್ನನ್ನು ಕಂಡದ್ದೇ ಟಣ್ ಎಂದು ಲೋಟ ಬಾರಿಸಿದರು. ನಾನು ಗಾಬರಿಯಾಗಿ ಹತ್ತಿರ ಹೋದೆ. ಎಡಗೈ ಎತ್ತಿ ಮೋಟುಗೋಡೆಯ ಬಲತುದಿಯನ್ನು ತೋರಿಸಿದರು. ಅಂಗೈ ಇಟ್ಟು ಸವರಿದೆ. ಅಂಚು ಒಂದು ಕೂದಲಿನಷ್ಟು ಸೊಟ್ಟ ಇತ್ತು. ನನ್ನ ನಡುಗುವ ಕೈಯ ಕೆಲಸ. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದರೆ ಅವರು ಹಗಲೆಲ್ಲ ಅದನ್ನೇ ನೋಡಿಕೊಂಡು ಮಲಗಬೇಕಲ್ಲ.

"ಅಪ್ಪ ಬೈತಾ ಅವ್ರೆ ವಾಜಿದಣ್ಣ" ಎಂದು ಗೌರಿ ನಕ್ಕಳು. "ಮೊನ್ನೆಯಿಂದ್ಲೂ ಅದನ್ನೇ ತೋರುಸ್ತಾ ಇದ್ರು."

ಮನೆಗೆ ಹೋಗಿ ಅಟ್ಟದಿಂದ ಚೀಲ ಇಳಿಸಿದೆ. ಕೊನೆಯ ಕೆಲಸ ಮುಗೀತು ಅಂದಿದ್ದಿರಲ್ಲ ಎಂದು ಹೆಂಡತಿ ಕೇಳಿದಳು. ಮೇಸ್ತ್ರಿ ಪಾಸ್ ಮಾಡಿಲ್ಲ ಅಂದೆ. ಶೆಟ್ಟಿಹಳ್ಳಿಗೆ ವಾಪಸ್ಸು ಹೋಗಿ ಅಂಚು ಕೆತ್ತಿ, ರಸಮಟ್ಟ ಇಟ್ಟು ಮಟ್ಟ ನೋಡಿ, ಕರಣೆಯಿಂದ ಮತ್ತೆ ಸಿಮೆಂಟ್ ಎಳೆದೆ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ನಿಧಾನಕ್ಕೆ. ಅವರು ದಿಂಬಿಗೆ ಒರಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಲೋಟ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಕೆಲಸ ಮುಗಿಯುವವರೆಗೂ ಅವರು ಅದನ್ನು ಎತ್ತಲಿಲ್ಲ.